ಜೊಂಡನ್ನು ಮೇಯುವ ಹುಳುಗಳು

ಉತ್ತರ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಇಥಾಕ ಎಂಬ ಊರಿದೆ. ಕಾರ್ನೆಲ್ ವಿಶ್ವವಿದ್ಯಾನಿಲಯವಿರುವುದು ಅಲ್ಲಿಯೇ. ಆ ಸೀಮೆಯ ತಗ್ಗು ನೆಲಗಳಲ್ಲಿ ಜೊಂಡು ಬೆಳೆದ ಜವುಗುಗಳುಂಟು. ಹಿಮ ಕರಗುವ ಮಾರ್ಚಿ ತಿಂಗಳಲ್ಲಿ ಅಂಥ ಒಂದು ಜವುಗಿನ ದಂಡೆಯಲ್ಲಿ ನಿಂತು ನೋಡಿದವರಿಗೆ ಒಂದು ವಿಚಿತ್ರ ಕಾಣಿಸುತ್ತದೆ. ಕಳೆದ ವರ್ಷದ ಜೊಂಡು ಒಣಗಿ, ಆಳೆತ್ತರದ ಕಡ್ಡಿಗಳಾಗಿ ನಿಂತಿರುತ್ತದೆ. ಅನೇಕ ಕಡ್ಡಿಗಳ ತುದಿ ಬೋಳು; ಬೇಸಗೆಯಲ್ಲಿ ಅಲ್ಲಿ ಮೂಡಿದ್ದ ಕಂದುಬಣ್ಣದ ತೆನೆ ಬಿರಿದು, ಅದರ ಅರಳೆಯೆಲ್ಲ ಗಾಳಿಗೆ ಹಾರಿಹೋಗಿದೆ. ಆದರೆ ಅವುಗಳ ಮಗ್ಗುಲಲ್ಲಿಯೇ ಮತ್ತೆ ಕೆಲವು ತೆನೆಗಳು ಹಿಂಜಿದ ಹತ್ತಿಯ ಉಂಡೆಗಳಂತೆ ಉಬ್ಬಿಕೊಂಡು, ಕಡ್ಡಿಯನ್ನು ಬಿಡದೆ ಹಿಡಿದುಕೊಂಡಿವೆ. ಗಾಳಿ, ಮಳೆ, ಹಿಮ ಎರಡಕ್ಕೂ ಒಂದೇ. ಒಂದು ಉದುರಿತು, ಇನ್ನೊಂದು ಉದುರಲಿಲ್ಲ. ಏಕೆ?

ಉಬ್ಬಿದ ತೆನೆಯೊಂದರಿಂದ ಅರಳೆಯನ್ನು ಮೆಲ್ಲನೆ ಎಳೆದು ನೋಡಿದರೆ ಉತ್ತರ ಸಿಕ್ಕುತ್ತದೆ. ಅದು ಬಿಡಿಬಿಡಿಯಾಗಿ ಉದುರದೆ, ಬಟ್ಟೆಯ ಚೂರಿನಂತೆ ಒಟ್ಟಾಗಿ ಬರುತ್ತದೆ. ಭೂತಗನ್ನಡಿಯಲ್ಲಿ ಪರೀಕ್ಷಿಸಿದರೆ ಅರಳೆಯ ಕೂದಲುಗಳ ನಡುವೆ ರೇಷ್ಮೆಯ ನವುರಾದ ಎಳೆಗಳು ಅಡ್ಡಾದಿಡ್ಡಿಯಾಗಿ ಹಬ್ಬಿರುವುದು ಕಾಣುತ್ತದೆ. ಆ ಎಳೆಗಳ ಮರೆಯಲ್ಲಿ, ಬೀಜಗಳ ನಡುವೆ, ಅರ್ಧ ಅಂಗುಲಕ್ಕೂ ಚಿಕ್ಕವಾದ ಮರಿಹುಳುಗಳು ಬೆಚ್ಚಗೆ ಮಲಗಿರುತ್ತವೆ. ತೆನೆ ಉದುರದಂತೆ ಹೊಲಿದಿಟ್ಟಿರುವುದು ಈ ಹುಳುಗಳೇ.

ಗಿಡದ ಮೇಲೆ ಹುಳು ಕಂಡೊಡನೆ ನಮ್ಮ ಕೈ ಔಷಧದ ಡಬ್ಬಿಯ ಕಡೆಗೆ ಚಾಚುವುದು ವಾಡಿಕೆ. ಹುಳುವಿನ ಹೆಸರನ್ನಾಗಲಿ, ಅದು ಮಾಡುವ ಹಾನಿಯ ಪ್ರಮಾಣವನ್ನಾಗಲಿ ವಿಚಾರಿಸುವ ತಾಳ್ಮೆ ನಮಗಿರುವುದಿಲ್ಲ. ಹೊಲದ ಪೈರಿನ ವಿಷಯದಲ್ಲೇ ಈ ಆತುರ ಕೆಟ್ಟದ್ದು. ನೀರಿನಲ್ಲಿ ನಿಂತಿರುವ ಗಿಡದ ವಿಷಯದಲ್ಲಂತೂ ಅದು ಬಹಳ ದುಬಾರಿಯಾದ ತಪ್ಪು. ಜೊಂಡಿನ ಕೀಟಗಳನ್ನು ಗುರುತಿಸುವುದು ಹೇಗೆ, ಅವುಗಳಲ್ಲಿ ಹತೋಟಿಗೆ ತರಬೇಕಾದುವು ಯಾವುವು, ವಿಷವಿಲ್ಲದೆ ಅದನ್ನು ಸಾಧಿಸುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಗಿಡದ ಪರಿಚಯ

ನಮ್ಮಲ್ಲಿ ನೀರಿನ ಅಂಚಿನಲ್ಲಿ ಎತ್ತರವಾಗಿ ಬೆಳೆಯುವ ಹಲವು ಹುಲ್ಲುಗಳನ್ನೂ ಹುಲ್ಲಿನಂಥ ಗಿಡಗಳನ್ನೂ ಒಟ್ಟಾಗಿ ಜೊಂಡು ಎಂದು ಕರೆಯುವುದುಂಟು. ಈ ಲೇಖನದಲ್ಲಿ ಆ ಮಾತು ಸಸ್ಯಶಾಸ್ತ್ರಜ್ಞರು ಟೈಫಾ ಎನ್ನುವ ಕುಲಕ್ಕೆ ಮಾತ್ರ ಸಲ್ಲುತ್ತದೆ. ಕತ್ತಿಯಂತೆ ನೀಳವಾದ ಎಲೆಗಳು, ನೆಟ್ಟಗೆ ನಿಂತ ಕಡ್ಡಿ, ಅದರ ತುದಿಯಲ್ಲಿ ಚುಟ್ಟದ ಆಕಾರದ ಕಂದು ತೆನೆ, ಇವು ಇದರ ಗುರುತು. ತೆನೆಯ ಮೇಲ್ಭಾಗದಲ್ಲಿ ಗಂಡು ಹೂಗಳೂ ಕೆಳಭಾಗದಲ್ಲಿ ಹೆಣ್ಣು ಹೂಗಳೂ ಒತ್ತಾಗಿ ಸೇರಿರುತ್ತವೆ. ಪರಾಗ ಚೆಲ್ಲಿದ ಮೇಲೆ ಗಂಡು ಹೂಗಳು ಉದುರುತ್ತವೆ. ಹೆಣ್ಣು ಹೂಗಳು ಕಂದುಬಣ್ಣದ ತೆನೆಯಾಗಿ ಬಲಿಯುತ್ತವೆ. ಚೆನ್ನಾಗಿ ಬಲಿತ ಒಂದೇ ತೆನೆಯಲ್ಲಿ ಲಕ್ಷಕ್ಕೂ ಮೀರಿ ಬೀಜಗಳಿರಬಹುದು. ಪ್ರತಿಯೊಂದು ಬೀಜಕ್ಕೂ ನವುರಾದ ಕೂದಲಿನ ಗೊಂಚಲು ಅಂಟಿರುವುದರಿಂದ ಅದು ಗಾಳಿಯಲ್ಲಿ ತೇಲಿ ದೂರ ಹೋಗಬಲ್ಲುದು.

ಬೀಜಕ್ಕಿಂತಲೂ ಮುಖ್ಯವಾದ ಇನ್ನೊಂದು ಉಪಾಯ ಈ ಗಿಡಕ್ಕುಂಟು. ಕೆಸರಿನೊಳಗೆ ಅಡ್ಡಡ್ಡಲಾಗಿ ಹರಿಯುವ ದಪ್ಪನಾದ ಗುಪ್ತಕಾಂಡವೇ ಅದು. ಗುಪ್ತಕಾಂಡದಲ್ಲಿ ಪಿಷ್ಟ ತುಂಬಿರುತ್ತದೆ. ಅದರ ಗಿಣ್ಣುಗಳಿಂದ ವರ್ಷವರ್ಷವೂ ಹೊಸ ಮೊಳಕೆಗಳು ಏಳುತ್ತವೆ. ಆದರೆ ಕೆಸರಿನಲ್ಲಿ ಆಮ್ಲಜನಕ ಇಲ್ಲವೆಂದೇ ಹೇಳಬೇಕು. ಹಾಗಿರುವಾಗ ಅಲ್ಲಿ ಹುದುಗಿರುವ ಕಾಂಡವು ಉಸಿರಾಡುವುದು ಹೇಗೆ? ಜೊಂಡಿನ ಎಲೆಯೊಂದನ್ನು ಅಡ್ಡಲಾಗಿ ಕತ್ತರಿಸಿ ನೋಡಿ. ಒಳಗೆ ಸಾಲುಸಾಲಾಗಿ ಗಾಳಿಯ ಕೋಣೆಗಳು ಕಾಣುತ್ತವೆ. ಎಲೆಯಿಂದ ಬುಡಕ್ಕೂ ಬುಡದಿಂದ ಗುಪ್ತಕಾಂಡಕ್ಕೂ ಗಾಳಿಯು ಇಳಿಯುವ ದಾರಿ ಇದು. ಎಲೆ ಒಣಗಿದ ಮೇಲೂ ನಿಂತ ಕಡ್ಡಿಗಳು ಗಾಳಿಯ ಕೊಳವೆಗಳಾಗಿ ಕೆಲಸ ಮಾಡುತ್ತಲೇ ಇರುತ್ತವೆ. ಈ ಒಂದು ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಜೊಂಡಿನ ಕೀಟಗಳ ಬಾಳೂ, ಅವುಗಳ ಹತೋಟಿಯೂ ಈ ಗಾಳಿಯ ದಾರಿಗೆ ಗಂಟುಬಿದ್ದಿವೆ.

ತೆನೆಯೊಳಗಿನ ಒಕ್ಕಲು

ಜೊಂಡನ್ನು ಆಶ್ರಯಿಸಿದ ಕೀಟಗಳನ್ನು ಕ್ರಮವಾಗಿ ಅಭ್ಯಾಸಮಾಡಿದವರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಪೀಟರ್ ಕ್ಲಾಸೆನ್ ಪ್ರಮುಖರು. ಈ ವಿಷಯದ ಮೇಲೆ ಅವರು ಬರೆದ ಪ್ರಬಂಧವನ್ನು ಅಲ್ಲಿಯ ಕೃಷಿ ಪ್ರಯೋಗಕೇಂದ್ರ 1921ರಲ್ಲಿ ಪ್ರಕಟಿಸಿತು. ಒಂದೇ ಗಿಡದ ಎಲೆ, ಕಡ್ಡಿ, ಬುಡ, ತೆನೆಗಳಲ್ಲಿ ಬೇರೆಬೇರೆ ಕೀಟಗಳು ಬೇರೆಬೇರೆ ಮನೆಗಳನ್ನು ಮಾಡಿಕೊಂಡು ಹೇಗೆ ಬಾಳುತ್ತವೆ ಎಂಬುದು ಆ ಅಭ್ಯಾಸದ ವಿಷಯ. ನಾವೂ ಮೇಲಿನಿಂದ ಕೆಳಕ್ಕೆ ಒಂದೊಂದು ಅಂತಸ್ತನ್ನೂ ನೋಡುತ್ತ ಇಳಿಯೋಣ.

ತೆನೆಯನ್ನು ಹೊಲಿದಿಟ್ಟ ಹುಳುವಿನ ಶಾಸ್ತ್ರೀಯ ನಾಮ ಲಿಮ್ನೇಸಿಯ ಫ್ರಾಗ್ಮಿಟೆಲ್ಲ. ಯೂರೋಪು, ಉತ್ತರ ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲೆಲ್ಲ ಇದು ಕಂಡುಬಂದಿದೆ. ಬೆಳೆದ ಕೀಟವು ಕಿರಿದಾದ ಮಾಸಲು ಹಳದಿ ಬಣ್ಣದ ಪತಂಗ; ಅದರ ಮುಂದಿನ ರೆಕ್ಕೆಗಳ ಮೇಲೆ ಬಿಳಿಯ ಅಂಚುಳ್ಳ ಕಪ್ಪುಕಂದು ಚುಕ್ಕೆಗಳಿರುತ್ತವೆ. ಬೇಸಗೆಯಲ್ಲಿ ತಾಯಿ ಪತಂಗವು ಎಳೆಯ ತೆನೆಯ ಮೇಲೆ ಮೊಟ್ಟೆಯಿಡುತ್ತದೆ. ಹೊರಬಂದ ಡಿಂಭಗಳು, ಎಂದರೆ ಮರಿಹುಳುಗಳು, ಮೊದಲು ಹೂವಿನ ಭಾಗಗಳನ್ನೂ ಆಮೇಲೆ ಬೀಜಗಳನ್ನೂ ತಿನ್ನುತ್ತವೆ. ಮಾಸಲು ಬಿಳಿ ಮೈಯ ಉದ್ದಕ್ಕೂ ಕಂದು ಪಟ್ಟೆಗಳಿರುವುದರಿಂದ ಅವನ್ನು ಗುರುತಿಸುವುದು ಸುಲಭ. ಒಂದು ತೆನೆಯಲ್ಲಿ ಒಂದೆರಡಲ್ಲ, ಹತ್ತಾರು ಹುಳುಗಳಿರಬಹುದು. ತೆನೆ ಬಿರಿದು ಹಾರಿಹೋದರೆ ಅನ್ನವೂ ಹೋಯಿತು, ಮನೆಯೂ ಹೋಯಿತು. ಆದಕಾರಣವೇ ಅವು ಅರಳೆಯನ್ನು ರೇಷ್ಮೆಯಿಂದ ಬಿಗಿಯುತ್ತವೆ. ಚಳಿಗಾಲವನ್ನು ಅಲ್ಲಿಯೇ ಕಳೆದು, ವಸಂತದಲ್ಲಿ ಮತ್ತಷ್ಟು ತಿಂದು, ಕೋಶಾವಸ್ಥೆಯನ್ನು ಮುಗಿಸಿ, ಬೇಸಗೆಗೆ ಪತಂಗಗಳಾಗಿ ಹೊರಡುತ್ತವೆ.

ಈ ಹುಳುವಿನಿಂದ ಗಿಡಕ್ಕೆ ಆಗುವ ನಷ್ಟವೆಷ್ಟು? ಕೆಲವು ಸಾವಿರ ಬೀಜಗಳು. ಬೇರಿಗೆ, ಎಲೆಗೆ, ಗುಪ್ತಕಾಂಡಕ್ಕೆ ಏನೂ ಇಲ್ಲ. ಮುಂದಿನ ವರ್ಷ ಗಿಡವು ಎಂದಿನಂತೆಯೇ ಚಿಗುರುತ್ತದೆ. ಅತ್ತ, ಹಿಮ ಮುಚ್ಚಿದ ದಿನಗಳಲ್ಲಿ ಬೇರೆಲ್ಲೂ ಹುಳು ಸಿಕ್ಕದಾಗ, ಚಿಕಡೀ ಎಂಬ ಪುಟ್ಟ ಹಕ್ಕಿಗಳು ಈ ಉಬ್ಬಿದ ತೆನೆಗಳನ್ನು ಕೆದಕಿ ಹುಳುಗಳನ್ನು ಹೆಕ್ಕಿ ತಿಂದು ಜೀವ ಹಿಡಿಯುತ್ತವೆ.

ಕಾಂಡವನ್ನು ಕೊರೆಯುವ ಹುಳು

ತೆನೆಯಿಂದ ಕೆಳಗಿಳಿದರೆ ಸಿಕ್ಕುವ ಕೀಟ ಇಷ್ಟು ಸಾಧುವಲ್ಲ. ಬೆಲ್ಲೂರ ಆಬ್ಲೀಕ್ವ ಎಂಬ ಕಂದುಬಣ್ಣದ ಪತಂಗದ ಡಿಂಭವೇ ಅಮೆರಿಕದಲ್ಲಿ ಜೊಂಡಿನ ಕಾಂಡಕೊರಕವೆಂದು ಹೆಸರಾದುದು. ಇದರ ತಾಯಿಯು ಎಲೆಯ ಮೇಲೆ ಮೊಟ್ಟೆಗಳನ್ನು ಗುಂಪಾಗಿ ಇಟ್ಟು, ತನ್ನ ಮೈಯ ರೋಮಗಳಿಂದ ಮುಚ್ಚುತ್ತದೆ. ಮೊಟ್ಟೆಯೊಡೆದ ಮರಿಗಳು ಹೊರಗೆ ತಲೆಯೆತ್ತುವುದೇ ಇಲ್ಲ. ನೇರವಾಗಿ ಎಲೆಯೊಳಗೆ ನುಗ್ಗಿ, ಅದರ ಎರಡು ಸಿಪ್ಪೆಗಳ ನಡುವಿನ ತಿರುಳನ್ನು ಗುಂಪಾಗಿ ಮೇಯುತ್ತ ಸಾಗುತ್ತವೆ. ಎಲೆಯ ಮೇಲೆ ಮೊದಲು ಮಂಕಾದ, ಬಳಿಕ ಕಂದಾದ ಉದ್ದನೆಯ ಪಟ್ಟೆ ಮೂಡುವುದೇ ಇವುಗಳ ಪ್ರಥಮ ಗುರುತು. ಸ್ವಲ್ಪ ಬೆಳೆದ ಮೇಲೆ ಎಲೆಯೊಳಗಿನ ಕೋಣೆ ಸಾಲದಾಗುತ್ತದೆ. ಆಗ ಹುಳುಗಳು ಚದರಿ, ಒಂದೊಂದೂ ಒಂದೊಂದು ಕಡ್ಡಿಯನ್ನು ಆರಿಸಿಕೊಂಡು ಅದರ ನಡುವನ್ನು ಕೊರೆದು ಒಳಸೇರುತ್ತದೆ. ಹೊರಗಿನ ಎಲೆಗಳು ಹಸುರಾಗಿಯೇ ಇರುವಾಗ ನಡುವಿನ ಎಲೆಯೊಂದು ಹಳದಿಯಾಗಿ ಬಾಡತೊಡಗಿದರೆ ಒಳಗೆ ಹುಳುವಿದೆಯೆಂದು ತಿಳಿಯಬೇಕು. ನಮ್ಮ ಭತ್ತದ ಗದ್ದೆಗಳಲ್ಲಿ ಕಾಂಡಕೊರಕ ಬಿದ್ದಾಗ ನಡುಸುಳಿ ಒಣಗುವುದನ್ನು ಕಂಡ ವಿದ್ಯಾರ್ಥಿಗಳಿಗೆ ಈ ಲಕ್ಷಣ ಹೊಸದಾಗಿ ತೋರದು.

ಪೂರ್ಣ ಬೆಳೆದ ಈ ಡಿಂಭವು ಸುಮಾರು 2 ಅಂಗುಲ ಉದ್ದವಿರುತ್ತದೆ. ನೀರಿನ ನೆರೆಯಲ್ಲಿ ಬಾಳುವುದಕ್ಕೆ ತಕ್ಕ ಒಂದು ಏರ್ಪಾಡು ಅದರ ಮೈಯಲ್ಲಿದೆ. ಸಾಮಾನ್ಯವಾಗಿ ಪತಂಗದ ಡಿಂಭಗಳಿಗೆ ಉಸಿರಾಡುವ ರಂಧ್ರಗಳು ಮಗ್ಗುಲಲ್ಲಿರುತ್ತವೆ. ಈ ಕುಲದ ಡಿಂಭಗಳಲ್ಲಿ ಹಿಂದಿನ ಎರಡು ಶ್ವಾಸರಂಧ್ರಗಳು ಹಿಗ್ಗಿ, ಬಾಲದ ಕಡೆ ಬೆನ್ನಿನ ಮೇಲಕ್ಕೆ ಸರಿದಿವೆ. ಮೈಯೆಲ್ಲ ನೀರಿನಲ್ಲಿ ಮುಳುಗಿದ್ದರೂ ಬಾಲದ ತುದಿಯನ್ನು ಮೇಲೆತ್ತಿ ಉಸಿರಾಡಬಹುದು. ಚಳಿಗಾಲವನ್ನು ಈ ಹುಳು ಕಳೆಯುವುದು ಹಳೆಯ ಕಾಂಡದ ಆಸರೆಯಲ್ಲಿ. ಯೂರೋಪಿನಲ್ಲಿ ಇದೇ ಬಗೆಯ ಬಾಳನ್ನು ನಡೆಸುವುದು ನೊನಾಗ್ರಿಯ ಟೈಫೇ ಎಂಬ ಪತಂಗ. ಅದರ ಡಿಂಭವು ಕಾಂಡದೊಳಗೆ ಕೋಶವಾಗುವ ಮುನ್ನ, ಪತಂಗವು ಹೊರಬರಲೆಂದು ಒಂದು ಕಿಟಕಿಯನ್ನು ಕೊರೆದು, ಹೊರಸಿಪ್ಪೆಯ ತೆಳುಪೊರೆಯನ್ನು ಮಾತ್ರ ಉಳಿಸಿರುತ್ತದೆ.

ಬುಡದಲ್ಲಿ ಮತ್ತು ನೀರಿನಡಿಯಲ್ಲಿ

ಕಡ್ಡಿಯ ಬುಡವನ್ನು ಸೀಳಿದಾಗ ಕೆಲವೊಮ್ಮೆ ಬಾಗಿದ ಮೈಯ, ಕಂದು ತಲೆಯ ಬಿಳಿಯ ಹುಳು ಸಿಕ್ಕುತ್ತದೆ. ಅದಕ್ಕೆ ಕಾಲುಗಳೇ ಇಲ್ಲ. ಇದು ಸೊಂಡಿಲುಕೀಟದ ಡಿಂಭ. ಬೆಳೆದ ಕೀಟವು ಗಟ್ಟಿ ಚಿಪ್ಪಿನ ಕಪ್ಪು ದುಂಬಿ. ಮುಖವು ಸೊಂಡಿಲಿನಂತೆ ಮುಂಚಾಚಿರುತ್ತದೆ. ಕಾಲುಳ್ಳ ಹುಳುವಾದರೆ ಪತಂಗದ ಮರಿ, ಕಾಲಿಲ್ಲದ್ದಾದರೆ ಸೊಂಡಿಲುಕೀಟದ ಮರಿ: ಕಾಂಡ ಸೀಳಿ ನೋಡುವವರಿಗೆ ಇಷ್ಟು ತಿಳಿದಿದ್ದರೆ ಸಾಕು.

ಇನ್ನೂ ಕೆಳಗೆ, ಮುಳುಗಿದ ಬೇರುಗಳ ಮೇಲೆ, ಡೊನೇಸಿಯ ಎಂಬ ಹೊಳೆಯುವ ದುಂಬಿಗಳ ಡಿಂಭಗಳು ಬಾಳುವುದುಂಟು. ಜೊಂಡು, ನೈದಿಲೆ ಮೊದಲಾದ ಜಲಸಸ್ಯಗಳು ಈ ದುಂಬಿಗಳ ಆಶ್ರಯ. ಅವುಗಳ ಉಸಿರಾಟದ ಕೌಶಲ ನಿಜವಾಗಿಯೂ ಸೋಜಿಗದ್ದು. ನೀರಿನ ಮೇಲ್ಮೈ ದೂರ, ಕೆಸರಿನಲ್ಲಿ ಗಾಳಿಯಿಲ್ಲ. ಆದ್ದರಿಂದ ಡಿಂಭವು ತನ್ನ ಮೈಯ ಹಿಂತುದಿಯಲ್ಲಿರುವ ಎರಡು ಟೊಳ್ಳು ಮುಳ್ಳುಗಳನ್ನು ಬೇರಿನೊಳಕ್ಕೆ ಚುಚ್ಚಿ, ಗಿಡವು ತನಗಾಗಿ ಇಳಿಸಿಕೊಂಡ ಗಾಳಿಯನ್ನು ಅಲ್ಲಿಂದ ಎಳೆದುಕೊಳ್ಳುತ್ತದೆ. ಗಿಡದ ಆಹಾರವನ್ನು ಕದಿಯುವ ಕೀಟಗಳು ಅಸಂಖ್ಯ. ಗಿಡದ ಉಸಿರನ್ನೂ ಕದಿಯುವ ಕೀಟಗಳು ಅಪರೂಪ.

ಗಿಡಹೇನು

ಎಲ್ಲಕ್ಕಿಂತ ಸುಲಭವಾಗಿ ಕಣ್ಣಿಗೆ ಬೀಳುವುವು ಗಿಡಹೇನುಗಳು. ಎಳೆಯ ಎಲೆಗಳ ಮೇಲೂ ಎಲೆಯ ಬುಡದ ಮಡಿಕೆಗಳಲ್ಲೂ ಇವು ನೂರಾರು ಸಂಖ್ಯೆಯಲ್ಲಿ ಮುತ್ತಿ ರಸ ಹೀರುತ್ತವೆ. ಇವು ಸ್ರವಿಸುವ ಸಿಹಿಯಾದ ಅಂಟು ಎಲೆಗಳ ಮೇಲೆ ಹರಡಿ, ಅದರ ಮೇಲೆ ಕಪ್ಪು ಬೂಷ್ಟು ಬೆಳೆಯುವುದರಿಂದ ಗಿಡ ಮಸಿ ಬಳಿದಂತೆ ಕಾಣುತ್ತದೆ. ಜೊಂಡಿಗೆ ಬರುವ ಹೇನುಗಳಲ್ಲಿ ನೈದಿಲೆಯ ಹೇನು ಎಂದು ಪ್ರಸಿದ್ಧವಾದ ರೋಪಲೋಸೈಫಮ್ ನಿಂಫೇಯೆ ಒಂದು. ಶೀತದೇಶಗಳಲ್ಲಿ ಇದಕ್ಕೆ ಎರಡು ಮನೆಗಳು. ಚಳಿಗಾಲದ ಮೊಟ್ಟೆಗಳು ಪ್ಲಮ್ ಜಾತಿಯ ಮರಗಳ ಮೇಲೆ. ಬೇಸಗೆ ಬಂದೊಡನೆ ರೆಕ್ಕೆಯ ಹೇನುಗಳು ಕೊಳಗಳಿಗೆ ಹಾರಿಬಂದು ಜಲಸಸ್ಯಗಳ ಮೇಲೆ ಮರಿಹಾಕುತ್ತವೆ. ಬೆಚ್ಚಗಿನ ದೇಶಗಳಲ್ಲಿ ಗಂಡಿನ ನೆರವಿಲ್ಲದೆಯೇ ಹೆಣ್ಣು ಹೇನುಗಳು ವರ್ಷವಿಡೀ ಮರಿಹಾಕುತ್ತಿರಬಲ್ಲುವು. ಭಾರತದಲ್ಲಿಯೂ ಇರುವ ಕೀಟ ಇದು.

ಪೀಡೆ ಎಂದರೆ ಯಾವುದು?

ಇಷ್ಟು ಕೀಟಗಳ ಪರಿಚಯವಾದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಇವುಗಳಲ್ಲಿ ಪೀಡೆಗಳು ಯಾವುವು? ಪೀಡೆ ಎಂಬುದು ಪ್ರಾಣಿಶಾಸ್ತ್ರದ ವರ್ಗವಲ್ಲ. ಮನುಷ್ಯನು ಗಿಡದಿಂದ ಏನನ್ನು ಬಯಸುತ್ತಾನೆ ಎಂಬುದರ ಮೇಲೆ ಆ ಹೆಸರು ನಿಂತಿದೆ.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ 1970ರ ದಶಕದ ಕೊನೆಯಿಂದ 1980ರ ದಶಕದವರೆಗೆ ಜೊಂಡನ್ನು ಬೆಳೆಯಾಗಿ ಬೆಳೆದು, ಅದರಿಂದ ಇಂಧನ ಪಡೆಯಬಹುದೆ ಎಂಬ ಸಂಶೋಧನೆ ನಡೆಯಿತು. ತೈಲದ ಬೆಲೆ ಏರಿದ್ದ ಕಾಲ ಅದು. ಅಲ್ಲಿ ಕಾಂಡಕೊರಕವು ಬೆಳೆಯ ಶತ್ರುವಾಯಿತು. ಅದರಿಂದ ಇಳುವರಿಗೆ ಆಗುವ ನಷ್ಟವನ್ನು ಅಳೆದು ನೋಡಿದರು. ಜರ್ಮನಿಯಲ್ಲಿ ಜವುಗು ನೆಲವನ್ನು ಒಣಗಿಸದೆ ಜೊಂಡನ್ನು ಬೆಳೆದು, ಮನೆಗಳಿಗೆ ಶಾಖನಿರೋಧಕ ಹಲಗೆಗಳನ್ನು ತಯಾರಿಸುವ ಪ್ರಯತ್ನಗಳು ನಡೆದಿವೆ. ಅಲ್ಲಿಯೂ ಕಾಂಡವೇ ಫಸಲು. ಮನೆಯ ತೋಟದ ಕೊಳದಲ್ಲಿ ಅಂದಕ್ಕಾಗಿ ನಾಲ್ಕು ಜೊಂಡಿನ ಗಿಡಗಳನ್ನು ಇಟ್ಟವರಿಗೆ ಗಿಡಹೇನಿನ ಮಸಿಯೇ ದೊಡ್ಡ ಪೀಡೆ. ಅದೇ ಜೊಂಡು ನೀರಾವರಿ ಕಾಲುವೆಯನ್ನು ತುಂಬಿ ಹರಿವನ್ನು ತಡೆದಾಗ ಪೀಡೆಯಾಗುವುದು ಗಿಡವೇ. ಅದನ್ನು ಕೊರೆಯುವ ಹುಳು ಆಗ ನಮ್ಮ ಪಕ್ಷದ್ದು! ಆದುದರಿಂದ ಹತೋಟಿಯ ಮಾತಿಗೆ ಮೊದಲು, ಈ ಜೊಂಡು ಇಲ್ಲಿ ಬೇಕೆ ಬೇಡವೆ ಎಂಬ ಮಾತು ತೀರ್ಮಾನವಾಗಬೇಕು.

ಒಂದು ಸರೋವರದ ಕಥೆ

ಬೇಕಾದ ಗಿಡಕ್ಕೆ ಹುಳು ಬಿದ್ದಿದೆಯೆಂದೇ ಇಟ್ಟುಕೊಳ್ಳೋಣ. ಕೀಟನಾಶಕವನ್ನು ಸಿಂಪಡಿಸಿಬಿಟ್ಟರೆ ಆಗದೆ? ಮೊದಲನೆಯದಾಗಿ, ಕಾಂಡದೊಳಗೆ ಕುಳಿತ ಹುಳುವಿಗೆ ಹೊರಗೆ ಎರಚಿದ ಔಷಧ ತಾಗುವುದು ಕಷ್ಟ. ಎಲೆಯ ಸಿಪ್ಪೆಗಳ ನಡುವೆ ಅಡಗಿದ ಮರಿಗಳಿಗೂ, ಅರಳೆಯ ಕಂಬಳಿ ಹೊದ್ದ ತೆನೆಯ ಹುಳುವಿಗೂ ಇದೇ ಮಾತು ಸಲ್ಲುತ್ತದೆ. ಹುಳುವಿಗೆ ತಾಗದ ವಿಷ ಎಲ್ಲಿಗೆ ಹೋಗುತ್ತದೆ? ಗಿಡದ ಬುಡದಲ್ಲಿರುವ ನೀರಿಗೆ.

ನೀರಿಗೆ ಬಿದ್ದ ವಿಷ ಏನು ಮಾಡಬಲ್ಲುದು ಎಂಬುದಕ್ಕೆ ಕ್ಯಾಲಿಫೋರ್ನಿಯದ ಕ್ಲಿಯರ್ ಲೇಕ್ ಎಂಬ ಸರೋವರದ ಚರಿತ್ರೆಯೇ ಸಾಕ್ಷಿ. ಸಾನ್ ಫ್ರಾನ್ಸಿಸ್ಕೊ ನಗರದ ಉತ್ತರಕ್ಕಿರುವ ಈ ಸರೋವರದಲ್ಲಿ ಸೊಳ್ಳೆಯನ್ನು ಹೋಲುವ, ಆದರೆ ಕಚ್ಚದ, ಒಂದು ಕಿರುಕೀಟ ವಿಪರೀತವಾಗಿತ್ತು. ಅದು ಯಾರಿಗೂ ರೋಗ ತರುತ್ತಿರಲಿಲ್ಲ; ಗುಂಪುಗುಂಪಾಗಿ ದೀಪಕ್ಕೆ ಮುತ್ತಿ ಪ್ರವಾಸಿಗಳಿಗೂ ನಿವಾಸಿಗಳಿಗೂ ಬೇಸರ ತರುತ್ತಿತ್ತು, ಅಷ್ಟೆ. 1949ರಲ್ಲಿ ಡಿ.ಡಿ.ಟಿ.ಯ ಹತ್ತಿರದ ಬಂಧುವಾದ ಡಿ.ಡಿ.ಡಿ. ಎಂಬ ರಾಸಾಯನಿಕವನ್ನು ಸರೋವರಕ್ಕೆ ಬೆರೆಸಿದರು. ಡಿ.ಡಿ.ಟಿ.ಗಿಂತ ಇದು ಮೀನುಗಳಿಗೆ ಕಡಿಮೆ ಅಪಾಯಕಾರಿಯೆಂದು ಎಣಿಸಿಯೇ ಆರಿಸಿದ್ದರು. ಪ್ರಮಾಣವೂ ಅತ್ಯಲ್ಪ: 7 ಕೋಟಿ ಪಾಲು ನೀರಿಗೆ 1 ಪಾಲು. ಕೀಟ ಕಡಿಮೆಯಾಯಿತು, ಆದರೆ ಮತ್ತೆ ಬಂದಿತು. 1954ರಲ್ಲಿ ಸ್ವಲ್ಪ ಹೆಚ್ಚಿಸಿ 5 ಕೋಟಿಗೆ 1 ಪಾಲಿನಂತೆ ಮತ್ತೊಮ್ಮೆ ಬೆರೆಸಿದರು. ಆ ಚಳಿಗಾಲದಲ್ಲಿ ಗ್ರೀಬ್ ಎಂಬ ಮುಳುಗುಹಕ್ಕಿಗಳು ಸಾಯತೊಡಗಿದುವು. 1957ರಲ್ಲಿ ಮೂರನೆಯ ಸಲ ಬೆರೆಸಿದ ಮೇಲೆ ಇನ್ನಷ್ಟು ಸತ್ತುವು.

ಸತ್ತ ಹಕ್ಕಿಗಳಲ್ಲಿ ಯಾವ ರೋಗದ ಚಿಹ್ನೆಯೂ ಇರಲಿಲ್ಲ. ಕೊನೆಗೆ ಅವುಗಳ ಕೊಬ್ಬನ್ನು ಪರೀಕ್ಷಿಸಿದಾಗ ಅದರಲ್ಲಿ 10 ಲಕ್ಷಕ್ಕೆ 1600 ಪಾಲಿನಷ್ಟು ಡಿ.ಡಿ.ಡಿ. ಸಿಕ್ಕಿತು. ನೀರಿಗೆ ಬೆರೆಸಿದ್ದಾದರೋ ಹೆಚ್ಚೆಂದರೆ 10 ಲಕ್ಷಕ್ಕೆ 0.02 ಪಾಲು. ಇದು ಅದರ 80,000 ಪಟ್ಟು! ಇಷ್ಟು ವಿಷ ಎಲ್ಲಿಂದ ಬಂದಿತು? ಈ ರಾಸಾಯನಿಕವು ನೀರಿನಲ್ಲಿ ಕರಗುವುದು ತೀರ ಕಡಿಮೆ. ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತದೆ. ಬೇಗನೆ ಶಿಥಿಲವಾಗುವುದೂ ಇಲ್ಲ. ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು ಅದನ್ನು ಹೀರಿದುವು. ಅವನ್ನು ತಿಂದ ಚಿಕ್ಕ ಮೀನುಗಳಲ್ಲಿ ಅದು ಕೂಡಿತು, ಚಿಕ್ಕ ಮೀನುಗಳನ್ನು ತಿಂದ ದೊಡ್ಡ ಮೀನುಗಳಲ್ಲಿ ಇನ್ನೂ ಹೆಚ್ಚಾಗಿ ಕೂಡಿತು, ಮೀನುಗಳನ್ನು ತಿಂದ ಹಕ್ಕಿಗಳಲ್ಲಿ ಮಾರಕವಾಗುವಷ್ಟು ಶೇಖರವಾಯಿತು. ಮೊದಲು 1,000 ಜೋಡಿಗಳಷ್ಟಿದ್ದ ಗ್ರೀಬ್ ಹಕ್ಕಿಗಳು 1960ರ ಹೊತ್ತಿಗೆ 30 ಜೋಡಿಗಳಿಗೆ ಇಳಿದಿದ್ದುವು. ರೇಚಲ್ ಕಾರ್ಸನ್ 1962ರಲ್ಲಿ ಬರೆದ 'ಸೈಲೆಂಟ್ ಸ್ಪ್ರಿಂಗ್' ಎಂಬ ಗ್ರಂಥದಿಂದ ಈ ಸಂಗತಿ ಲೋಕಕ್ಕೆಲ್ಲ ತಿಳಿಯಿತು.

ಇದು ದೂರದ ದೇಶದ ಮಾತಾಯಿತು ಎನ್ನುವಂತಿಲ್ಲ. ದಕ್ಷಿಣ ಕನ್ನಡದಲ್ಲಿ ಗೇರುತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನ್ ತೋಟದ ಬೇಲಿಯೊಳಗೇ ನಿಲ್ಲಲಿಲ್ಲವೆಂಬುದನ್ನು ನಮ್ಮ ನಾಡಿನ ಜನರು ಬಲ್ಲರು. ಮೀನುಗಳಿಗಂತೂ ಅದು ಘೋರವಿಷ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದರ ತಯಾರಿಕೆಯನ್ನೂ ಮಾರಾಟವನ್ನೂ ದೇಶದಲ್ಲೆಲ್ಲ ತಡೆಹಿಡಿಯಿತು.

ವಿಷವಿಲ್ಲದ ಹತೋಟಿ

ಹಾಗಾದರೆ ಮಾಡಬೇಕಾದುದೇನು? ಕೀಟದ ಬಾಳಿನ ಕ್ರಮ ತಿಳಿದವನಿಗೆ ಉಪಾಯ ಅದರಲ್ಲಿಯೇ ಹೊಳೆಯುತ್ತದೆ.

ಗಿಡಹೇನಿಗೆ ನೀರೇ ಔಷಧ. ರಬ್ಬರು ಕೊಳವೆಯಿಂದ ನೀರನ್ನು ಬಿರುಸಾಗಿ ಹಾಯಿಸಿ ಹೇನುಗಳನ್ನು ಕೆಡವಿದರೆ ಕೊಳದ ಮೀನುಗಳು ಅವನ್ನು ನುಂಗುತ್ತವೆ. ಕೆಲವು ದಿನಗಳಿಗೊಮ್ಮೆ ಹೀಗೆ ಮಾಡುತ್ತಿರಬೇಕು. ಹೇನುಗಳ ನಡುವೆ ಗುಲಗಂಜಿ ಹುಳುಗಳು ಓಡಾಡುತ್ತಿದ್ದರೆ ಒಂದು ವಾರ ಸುಮ್ಮನಿದ್ದು ನೋಡುವುದು ಜಾಣತನ. ಅವೂ ಅವುಗಳ ಮರಿಗಳೂ ಹೇನುಗಳನ್ನು ತಿಂದೇ ಬಾಳುವಂಥವು.

ಕಾಂಡಕೊರಕವನ್ನು ಹಿಡಿಯಲು ತಕ್ಕ ಕಾಲ ಎರಡು. ಒಂದು, ಮೊಟ್ಟೆಗಳೂ ಎಳೆಯ ಮರಿಗಳೂ ಒಂದೇ ಎಲೆಯಲ್ಲಿ ಗುಂಪಾಗಿರುವಾಗ. ಆಗ ಒಂದು ಎಲೆಯನ್ನು ಕಿತ್ತರೆ ಇಡೀ ಸಂಸಾರವೇ ಹೋಯಿತು. ಚದರಿದ ಮೇಲೆ ಒಂದೊಂದು ಹುಳುವಿಗೂ ಒಂದೊಂದು ಕಡ್ಡಿಯನ್ನು ಸೀಳಬೇಕಾಗುತ್ತದೆ. ಆದರೆ ಕೀಳುವ ಮೊದಲು ಮೊಟ್ಟೆಗಳನ್ನು ಭೂತಗನ್ನಡಿಯಲ್ಲಿ ನೋಡಬೇಕು. ಕೊರಕದ ಮೊಟ್ಟೆಯೊಳಗೇ ತಮ್ಮ ಮೊಟ್ಟೆಯನ್ನಿಡುವ ಅತಿ ಸೂಕ್ಷ್ಮವಾದ ಕಣಜಗಳುಂಟು. ಮೊಟ್ಟೆಗಳು ಕಪ್ಪಾಗಿ, ಒಂದೊಂದರಲ್ಲೂ ಸೂಜಿಮೊನೆಯಷ್ಟು ದುಂಡು ತೂತಿದ್ದರೆ ಕಣಜಗಳು ಆಗಲೇ ನಮ್ಮ ಕೆಲಸವನ್ನು ಮಾಡಿ ಮುಗಿಸಿವೆಯೆಂದು ಭಾವಿಸಬಹುದು. ಎರಡನೆಯ ಕಾಲ ಚಳಿಗಾಲ. ಹುಳುಗಳು ಹಳೆಯ ಕಡ್ಡಿಗಳಲ್ಲಿ ಅಡಗಿರುವಾಗ ಆ ಕಡ್ಡಿಗಳನ್ನು ಕತ್ತರಿಸಿ ನೀರಿನಿಂದ ದೂರ ಒಯ್ದು ನಾಶಮಾಡಬೇಕು. ತೆನೆಯ ಪತಂಗ ಬೇಡವೆನ್ನುವವರೂ ಉಬ್ಬಿದ ತೆನೆಗಳನ್ನು ಬೇಸಗೆಗೆ ಮುನ್ನವೇ ಕತ್ತರಿಸಬಹುದು.

ಈ ಕತ್ತರಿಸುವ ಕೆಲಸದಲ್ಲಿಯೇ ಮುಖ್ಯವಾದ ಒಂದು ಮರ್ಮವಿದೆ. ಕತ್ತಿಯನ್ನು ಎಷ್ಟು ಎತ್ತರದಲ್ಲಿ ಆಡಿಸಬೇಕು? ಹಿಂದೆ ಹೇಳಿದ ಗಾಳಿಯ ದಾರಿಯನ್ನು ನೆನಪಿಗೆ ತಂದುಕೊಳ್ಳಿ. ನೀರಿನ ಮಟ್ಟಕ್ಕಿಂತ ಒಂದು ಅಡಿ ಮೇಲಕ್ಕೆ ಕತ್ತರಿಸಿದರೆ ಉಳಿದ ಕೂಳೆಗಳ ಮೂಲಕ ಗುಪ್ತಕಾಂಡವು ಉಸಿರಾಡುತ್ತಿರುತ್ತದೆ. ಹುಳು ಹೋಗುತ್ತದೆ, ಗಿಡ ಉಳಿಯುತ್ತದೆ. ನೀರಿನ ಮಟ್ಟಕ್ಕಿಂತ ಕೆಳಗೆ ಕತ್ತರಿಸಿದರೆ ಕೊಳವೆಗಳ ಬಾಯಿ ನೀರಿನಲ್ಲಿ ಮುಚ್ಚಿಹೋಗುತ್ತದೆ. ಗಾಳಿ ಇಳಿಯದೆ, ಕೆಸರಿನಲ್ಲಿದ್ದ ಗುಪ್ತಕಾಂಡವು ಉಸಿರುಕಟ್ಟಿ ಕೊಳೆಯತೊಡಗುತ್ತದೆ. ಹುಳುವನ್ನು ತೆಗೆಯಹೋಗಿ ಗಿಡವನ್ನೇ ಕಳೆದುಕೊಂಡಂತೆ! ಆದರೆ ಗಿಡವೇ ಬೇಡವಾದ ಕಡೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಹೂಳಿನಿಂದ ತುಂಬಿ ಜೊಂಡು ಮುಚ್ಚಿದ ಕೆರೆಯಲ್ಲಿ ಗಿಡಗಳನ್ನು ನೀರಿನೊಳಗೆ ಬುಡದ ಹತ್ತಿರ ಕತ್ತರಿಸಿ, ಕೂಳೆಗಳು ಮುಳುಗಿರುವಂತೆ ನೀರನ್ನು ನಿಲ್ಲಿಸಿ, ಮತ್ತೆ ತಲೆಯೆತ್ತಿದ ಚಿಗುರನ್ನು ಎರಡು ಮೂರು ಸಲ ಹಾಗೆಯೇ ಕತ್ತರಿಸಿದರೆ ಜೊಂಡು ಸೊರಗುತ್ತದೆ. ಒಂದು ತೊಟ್ಟು ವಿಷವೂ ಬೇಡ.

ನಮ್ಮ ಕೆರೆಯ ದಂಡೆಯಲ್ಲಿ

ಕರ್ನಾಟಕದ ಕೆರೆಗಳ ಹಿನ್ನೀರಿನಲ್ಲಿ, ಕಾಲುವೆಗಳ ಬದಿಯಲ್ಲಿ ಜೊಂಡು ಧಾರಾಳವಾಗಿದೆ. ಇಲ್ಲಿ ಅದನ್ನು ಕಳೆಯೆಂದು ಬಯ್ಯುವವರೇ ಹೆಚ್ಚು. ಆ ಬೈಗುಳ ಪೂರ್ತಿ ನ್ಯಾಯವೇನೂ ಅಲ್ಲ. ನೇರಳೆ ಜಂಬುಕೋಳಿ ಗೂಡು ಕಟ್ಟುವುದು ಜೊಂಡಿನ ಮರೆಯಲ್ಲಿ; ಗೀಜಗನ ಬಳಗದ ಕೆಲವು ಹಕ್ಕಿಗಳೂ ಅದರ ಕಡ್ಡಿಗಳಿಗೆ ಗೂಡು ನೇಯುತ್ತವೆ. ಕೆರೆಯ ಅರ್ಧವನ್ನು ನುಂಗಿದ ಜೊಂಡನ್ನು ಕತ್ತರಿಸಬೇಕಾದುದು ನಿಜ. ಹಾಗೆ ಕತ್ತರಿಸುವಾಗ ಒಂದು ಅಂಚನ್ನು ಹಕ್ಕಿಗಳಿಗಾಗಿ ಉಳಿಸುವುದೂ ಅಷ್ಟೇ ಅಗತ್ಯ.

ಅಮೆರಿಕದ ಹುಳುಗಳೇ ನಮ್ಮ ಕೆರೆಗಳಲ್ಲಿಯೂ ಇರುವುವೆಂದು ತಿಳಿಯಬಾರದು. ಆದರೆ ನೋಡುವ ಕ್ರಮ ಎಲ್ಲ ಕಡೆಗೂ ಒಂದೇ. ನಿಮ್ಮ ಊರಿನ ಕೆರೆಗೆ ಹಿರಿಯರೊಬ್ಬರ ಜೊತೆಯಲ್ಲಿ ಹೋಗಿ. ಕೆಸರಿಗೆ ಇಳಿಯದೆ ದಂಡೆಯ ಗಿಡಗಳನ್ನೇ ಆರಿಸಿಕೊಳ್ಳಿ. ಬೇಕಾದ ಸಲಕರಣೆ ಒಂದು ಚೂರಿ, ಒಂದು ಭೂತಗನ್ನಡಿ, ಒಂದು ಟಿಪ್ಪಣಿ ಪುಸ್ತಕ. ತೆನೆಯ ಅರಳೆ ಬಿಡಿಯಾಗಿ ಉದುರುವುದೋ, ಬಟ್ಟೆಯಂತೆ ಬರುವುದೋ? ಎಲೆಯ ಮೇಲೆ ಕಂದು ಪಟ್ಟೆಯಿದೆಯೆ? ನಡುವಿನ ಎಲೆ ಮಾತ್ರ ಬಾಡಿದೆಯೆ? ಸೀಳಿದ ಕಾಂಡದಲ್ಲಿ ಸಿಕ್ಕಿದ ಹುಳುವಿಗೆ ಕಾಲುಗಳಿವೆಯೆ? ಹತ್ತು ಗಿಡಗಳನ್ನು ಹೀಗೆ ನೋಡಿ, ಹತ್ತರಲ್ಲಿ ಎಷ್ಟಕ್ಕೆ ಹುಳು ಬಿದ್ದಿದೆ, ಬಿದ್ದ ಗಿಡ ನಿಜವಾಗಿಯೂ ಸೊರಗಿದೆಯೆ ಎಂಬುದನ್ನು ತಾರೀಖಿನೊಡನೆ ಬರೆದಿಡಿ. ಪ್ರತಿ ತಿಂಗಳೂ ಅದೇ ಜಾಗಕ್ಕೆ ಹೋಗಿ ಬರೆದರೆ ಒಂದು ವರ್ಷದಲ್ಲಿ ನಿಮ್ಮ ಕೆರೆಯ ಜೊಂಡಿನ ಒಕ್ಕಲುಗಳ ಪಟ್ಟಿ ಸಿದ್ಧವಾಗುತ್ತದೆ. ಮುಂದೆ ಯಾರಾದರೂ ಆ ಕೆರೆಯ ಗಿಡಗಳಿಗೆ ಔಷಧ ಹೊಡೆಯಬೇಕೆಂದು ಹೊರಟಾಗ, ಯಾವ ಹುಳುವಿಗೆ, ಎಷ್ಟು ಹಾನಿಗೆ ಎಂದು ಕೇಳುವ ಅಧಿಕಾರ ಆ ಪುಸ್ತಕದಿಂದ ನಿಮಗೆ ಬರುತ್ತದೆ.